ಸಾಲದ ಸುಳಿಯಲ್ಲಿದ್ದಾಗ ಯಾರ ಮಾತು ಕೇಳಬೇಕು?

ಎರಡು ಕಂತು ತಪ್ಪಿದರೆ ಸಾಕು, ಸಲಹೆ ಕೊಡುವವರು ಮನೆ ಬಾಗಿಲಿಗೇ ಬರುತ್ತಾರೆ. ‘ಇನ್ನೊಂದು ಲೋನ್ ತಗೊಂಡು ಇದನ್ನ ಮುಗಿಸಿಬಿಡಿ’ ಅನ್ನುವ ನೆಂಟರು, ‘ಅರ್ಧಕ್ಕೆ ಸೆಟಲ್ ಮಾಡಿಸ್ತೀವಿ ಸರ್’ ಅನ್ನುವ ಫೋನ್ ಕರೆ, ‘ಒಂದು ಚೀಟಿ ಎತ್ತಿಬಿಡಿ’ ಅನ್ನುವ ಪಕ್ಕದ ಅಂಗಡಿಯವರು. ಇವರಲ್ಲಿ ಕೆಲವರದು ನಿಜವಾಗಿಯೂ ಒಳ್ಳೆಯ ಮನಸ್ಸು. ಆದರೆ ಒಳ್ಳೆಯ ಮನಸ್ಸಿನಿಂದ ಬಂದ ಸಲಹೆಯೂ ಮನೆ ಮುಳುಗಿಸಬಹುದು. ಹಾಗಾಗಿ ಯಾರೇ ಸಲಹೆ ಕೊಡಲಿ, ಎರಡು ಪ್ರಶ್ನೆ ಕೇಳಿ: ‘ಈ ಕೆಲಸಕ್ಕೆ ನಿಮಗೆ ದುಡ್ಡು ಕೊಡುವವರು ಯಾರು?’ ‘ನೀವು ಹೇಳಿದ್ದು ತಪ್ಪಾದರೆ ನಿಮ್ಮ ಮೇಲೆ ನಾನು ಎಲ್ಲಿ ದೂರು ಕೊಡಬಹುದು?’ ಎರಡಕ್ಕೂ ನೇರ ಉತ್ತರ ಸಿಗದಿದ್ದರೆ ಅವರಿಗೆ ಆಧಾರ್ ಕೊಡಬೇಡಿ, ಒಟಿಪಿ ಹೇಳಬೇಡಿ, ಒಂದು ರೂಪಾಯಿಯನ್ನೂ ಕೊಡಬೇಡಿ.

ಮೊದಲು ಒಂದು ಹಾಳೆ

ಸಲಹೆ ಕೇಳಲು ಹೋಗುವ ಮುನ್ನ ಎಲ್ಲ ಸಾಲವನ್ನೂ ಒಂದೇ ಹಾಳೆಯಲ್ಲಿ ಬರೆಯಿರಿ. ಇದಿಲ್ಲದೆ ಹೋದರೆ ಎಂಥ ತಿಳಿದವರೂ ‘ಖರ್ಚು ಕಡಿಮೆ ಮಾಡಿ’ ಎಂಬುದಕ್ಕಿಂತ ಹೆಚ್ಚೇನೂ ಹೇಳಲಾರರು. ಆರು ಕಾಲಂ ಸಾಕು: ಸಾಲ ಕೊಟ್ಟವರು, ಇವತ್ತಿನ ಅಸಲು ಬಾಕಿ, ವರ್ಷದ ಬಡ್ಡಿ ದರ, ತಿಂಗಳ ಕಂತು, ಎಷ್ಟು ಕಂತು ತಪ್ಪಿದೆ, ಏನು ಕೊಟ್ಟಿದ್ದೀರಿ (ಚಿನ್ನ, ಮನೆ ಪತ್ರ, ಖಾಲಿ ಚೆಕ್, ಪ್ರೋನೋಟು, ಯಾರದಾದರೂ ಜಾಮೀನು). ಗಂಡನ ಕೈಸಾಲ ಹೆಂಡತಿಗೆ ಗೊತ್ತಿಲ್ಲದೆ, ಹೆಂಡತಿಯ ಸಂಘದ ಸಾಲ ಗಂಡನಿಗೆ ಗೊತ್ತಿಲ್ಲದೆ ಉಳಿದರೆ ಲೆಕ್ಕ ಅಲ್ಲೇ ಕೆಡುತ್ತದೆ. ಹಾಳೆ ಬರೆಯುವಾಗ ಇಬ್ಬರೂ ಕೂತಿರಬೇಕು.

ಬಡ್ಡಿಯನ್ನು ವರ್ಷದ ಲೆಕ್ಕಕ್ಕೆ ತರದಿದ್ದರೆ ಯಾವ ಸಾಲ ಎಷ್ಟು ಸುಡುತ್ತಿದೆ ಎಂಬುದು ಕಾಣುವುದೇ ಇಲ್ಲ. ‘ನೂರಕ್ಕೆ ಮೂರು’ ಅಂದರೆ ವರ್ಷಕ್ಕೆ 36 ಪರ್ಸೆಂಟ್. ಕ್ರೆಡಿಟ್ ಕಾರ್ಡಿನಲ್ಲಿ ತಿಂಗಳಿಗೆ 3.5 ಎಂದು ಸಣ್ಣದಾಗಿ ಬರೆದದ್ದು ವರ್ಷಕ್ಕೆ 42. ಆ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿದರೆ ಹತ್ತಿರ ಹತ್ತಿರ 50.

ನೆನಪಿನಿಂದ ಬಿಟ್ಟುಹೋದ ಸಾಲಗಳು ಕ್ರೆಡಿಟ್ ರಿಪೋರ್ಟಿನಲ್ಲಿ ಸಿಗುತ್ತವೆ. ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈ ಮಾರ್ಕ್, ಈ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ರಿಪೋರ್ಟನ್ನು ಉಚಿತವಾಗಿ ಕೊಡಲೇಬೇಕು. ಅವರವರ ಜಾಲತಾಣದಿಂದಲೇ ನೇರವಾಗಿ ತೆಗೆಯಿರಿ. ‘ಫ್ರೀ ಸ್ಕೋರ್’ ತೋರಿಸುವ ಬೇರೆ ಆಪ್‌ಗಳಲ್ಲಿ ನಂಬರ್ ಕೊಟ್ಟರೆ ಮರುದಿನದಿಂದ ಸಾಲ ಮಾರುವವರ ಕರೆ ಶುರುವಾಗುತ್ತದೆ. ರಿಪೋರ್ಟಿನಲ್ಲಿ ನಿಮ್ಮದಲ್ಲದ ಸಾಲ ಅಥವಾ ತೀರಿಸಿದ ಸಾಲ ಇನ್ನೂ ಬಾಕಿ ಎಂದಿದ್ದರೆ ಅಲ್ಲೇ ತಕರಾರು ದಾಖಲಿಸಿ. 30 ದಿನದಲ್ಲಿ ಇತ್ಯರ್ಥ ಆಗದಿದ್ದರೆ ತಡವಾದ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ನಿಯಮವಿದೆ.

ಒಳ್ಳೆಯ ಸಲಹೆ ಹೇಗಿರುತ್ತದೆ

ಒಂದು ಹಾಳೆಯನ್ನು ಹತ್ತಿರದಿಂದ ನೋಡೋಣ. ಮನೆಗೆ ಬರುವ ಸಂಬಳ 38,000. ಬಾಡಿಗೆ 9,000, ದಿನಸಿ-ಹಾಲು-ತರಕಾರಿ-ಗ್ಯಾಸ್ 9,500, ಶಾಲೆ 3,500, ಬಸ್ಸು-ಪೆಟ್ರೋಲು 2,500, ಕರೆಂಟು-ನೀರು-ಮೊಬೈಲು 1,800, ಔಷಧಿ 1,200. ಒಟ್ಟು 27,500. ಸಾಲಕ್ಕೆ ಉಳಿಯುವುದು 10,500.

ಸಾಲಗಳು ನಾಲ್ಕು. ಕ್ರೆಡಿಟ್ ಕಾರ್ಡ್ ಬಾಕಿ 90,000. ತಿಂಗಳಿಗೆ 4,500 ಕಟ್ಟುತ್ತಿದ್ದಾರೆ. ಪರ್ಸನಲ್ ಲೋನ್ 2,40,000, 14 ಪರ್ಸೆಂಟ್, ಇನ್ನೂ 36 ಕಂತು, ಕಂತು 8,200. ಕೈಸಾಲ 1,00,000, ನೂರಕ್ಕೆ ಮೂರರಂತೆ ಬಡ್ಡಿಯೇ 3,000. ಗಿರವಿ ಇಟ್ಟ ಬಳೆಯ ಮೇಲೆ 60,000, ಬಡ್ಡಿ 600. ಒಟ್ಟು 16,300. ಪ್ರತಿ ತಿಂಗಳೂ 5,800 ಕೊರತೆ. ಈ ಗುಂಡಿಯನ್ನು ಮುಚ್ಚುವುದು ಹೊಸ ಸಾಲವೇ. ವರ್ಷಕ್ಕೆ 69,600 ರೂಪಾಯಿ ಸಾಲ ತಾನಾಗಿ ಬೆಳೆಯುತ್ತಿದೆ, ಮನೆಯಲ್ಲಿ ಯಾರೂ ದುಂದು ಮಾಡದಿದ್ದರೂ.

ಈಗ ಕಾರ್ಡನ್ನು ನೋಡಿ. 90,000ಕ್ಕೆ ಒಂದು ತಿಂಗಳ ಬಡ್ಡಿ 3,150, ಅದರ ಜಿಎಸ್‌ಟಿ 567. ಕಟ್ಟಿದ 4,500ರಲ್ಲಿ ಅಸಲಿಗೆ ಹೋದದ್ದು 783 ಮಾತ್ರ. ಅದೇ ಬಾಕಿಯನ್ನು ಕಾರ್ಡ್ ಕೊಟ್ಟ ಬ್ಯಾಂಕೇ 18 ಪರ್ಸೆಂಟಿಗೆ 24 ಕಂತು ಮಾಡಿಕೊಟ್ಟರೆ ಕಂತು ಸುಮಾರು 4,500, ಮೇಲೆ ಬಡ್ಡಿಯ ಜಿಎಸ್‌ಟಿ ಮೊದಲ ತಿಂಗಳು 243. ಹೆಚ್ಚುಕಡಿಮೆ ಅದೇ ದುಡ್ಡಿಗೆ ಎರಡು ವರ್ಷದಲ್ಲಿ ಕಾರ್ಡು ಮುಗಿಯುತ್ತದೆ. ಪರ್ಸನಲ್ ಲೋನನ್ನು 60 ತಿಂಗಳಿಗೆ ಹಿಗ್ಗಿಸಿದರೆ ಕಂತು 5,600ಕ್ಕೆ ಇಳಿಯುತ್ತದೆ. ಬಳೆ ಮಾರಿದರೆ 1,10,000 ಬರುವಂತಿದ್ದರೆ, ಗಿರವಿ ತೀರಿ 50,000 ಕೈಸಾಲಕ್ಕೆ ಹೋಗುತ್ತದೆ. ಅದರ ಬಡ್ಡಿ 1,500ಕ್ಕೆ ಇಳಿಯುತ್ತದೆ. ಕೊರತೆ 5,800ರಿಂದ ಸುಮಾರು 1,300ಕ್ಕೆ ಬಂತು. ಇಷ್ಟನ್ನು ಖರ್ಚಿನಲ್ಲಿ ಹಿಡಿಯಬಹುದು, ಅಥವಾ ಭಾನುವಾರದ ಒಂದು ಕೆಲಸದಲ್ಲಿ ದುಡಿಯಬಹುದು.

ಒಳ್ಳೆಯ ಸಲಹೆಗಾರರು ಇಲ್ಲಿಗೆ ನಿಲ್ಲಿಸುವುದಿಲ್ಲ. ಲೋನ್ ಅವಧಿ ಹಿಗ್ಗಿಸಿದ್ದರಿಂದ ಒಟ್ಟು ಬಡ್ಡಿ ಸುಮಾರು 40,000 ಹೆಚ್ಚಾಗುತ್ತದೆ, ಕ್ರೆಡಿಟ್ ರಿಪೋರ್ಟಿನಲ್ಲಿ ‘ರೀಸ್ಟ್ರಕ್ಚರ್ಡ್’ (ಷರತ್ತು ಬದಲಿಸಿದ ಸಾಲ) ಎಂದು ಬರಬಹುದು, ಕಾರ್ಡನ್ನು ಕಂತಾಗಿಸುವಾಗ ಪ್ರೊಸೆಸಿಂಗ್ ಶುಲ್ಕ ಕೇಳುತ್ತಾರೆ, ಮತ್ತೆ ಆ ಕಾರ್ಡನ್ನು ಉಜ್ಜಿದರೆ ಎಲ್ಲವೂ ವ್ಯರ್ಥ ಎಂಬುದನ್ನೂ ಹೇಳುತ್ತಾರೆ. ಲಾಭದ ಜೊತೆ ನಷ್ಟವನ್ನೂ ಅಂಕಿಯಲ್ಲೇ ಹೇಳುವವರನ್ನು ನಂಬಬಹುದು. ಬಳೆ ಮಾರುವ ಮಾತು ಮನೆಯಲ್ಲಿ ಸುಲಭವಲ್ಲ, ನಿಜ. ಆದರೆ ಕೈಸಾಲಕ್ಕೆ 36 ಪರ್ಸೆಂಟ್ ಬಡ್ಡಿ ತೆರುತ್ತಾ ಚಿನ್ನವನ್ನು ಗಿರವಿಯಲ್ಲೇ ಉಳಿಸಿಕೊಂಡರೆ ಕೊನೆಗೆ ಅದು ಹರಾಜಿಗೇ ಹೋಗುವ ಸಂಭವ ಹೆಚ್ಚು.

ಯಾವ ಬಾಗಿಲಿಗೆ ಯಾವ ಕೆಲಸಕ್ಕೆ

ಕಂತು ತಪ್ಪುವ ಮೊದಲೇ ಸಾಲ ಕೊಟ್ಟ ಬ್ಯಾಂಕಿಗೆ ಹೋಗಿ. ಇದನ್ನು ಹೆಚ್ಚಿನವರು ಕೊನೆಗೆ ಮಾಡುತ್ತಾರೆ, ಅಲ್ಲೇ ಎಡವುವುದು. 90 ದಿನ ಬಾಕಿ ಉಳಿದರೆ ಖಾತೆ ಎನ್‌ಪಿಎ (ಕೆಟ್ಟ ಸಾಲ) ಆಗುತ್ತದೆ, ಆಮೇಲೆ ಶಾಖೆಯ ಮ್ಯಾನೇಜರ್ ಕೈಯಲ್ಲಿ ಉಳಿಯುವುದು ಕಡಿಮೆ. ಬಾಯಲ್ಲಿ ಹೇಳಿ ಬರಬೇಡಿ. ಕಾರಣ (ಕೆಲಸ ಹೋದದ್ದು, ಆಸ್ಪತ್ರೆ ಖರ್ಚು, ಬೆಳೆ ನಷ್ಟ), ಈಗ ಎಷ್ಟು ಕಟ್ಟಬಲ್ಲಿರಿ, ಏನು ಕೇಳುತ್ತಿದ್ದೀರಿ (ಅವಧಿ ವಿಸ್ತರಣೆ, ಕಂತು ಇಳಿಕೆ) ಎಂದು ಒಂದು ಪುಟದ ಅರ್ಜಿ ಬರೆದು, ಎರಡನೇ ಪ್ರತಿಯ ಮೇಲೆ ಸೀಲು-ಸಹಿ ಹಾಕಿಸಿಕೊಳ್ಳಿ. ಬ್ಯಾಂಕಿನವರ ಸಲಹೆ ಕೇಳಿ, ಆದರೆ ಅವರು ಬ್ಯಾಂಕಿನ ಪರ ಎಂಬುದು ನೆನಪಿರಲಿ: ‘ಟಾಪ್ ಅಪ್ ಲೋನ್ ಮಾಡಿಕೊಡ್ತೀವಿ, ಜೊತೆಗೆ ಒಂದು ಇನ್ಶೂರೆನ್ಸ್’ ಎಂದರೆ ಅದು ಮಾರಾಟ.

ಯಾರ ಪರವೂ ಅಲ್ಲದ ಮಾತು ಬೇಕಾದರೆ ಬ್ಯಾಂಕುಗಳು ನಡೆಸುವ ಹಣಕಾಸು ಸಾಕ್ಷರತಾ ಕೇಂದ್ರಗಳಿವೆ, ಸಲಹೆ ಉಚಿತ. ನಿಮ್ಮ ತಾಲ್ಲೂಕಿನಲ್ಲಿ ಎಲ್ಲಿದೆ ಎಂದು ಜಿಲ್ಲೆಯ ಲೀಡ್ ಬ್ಯಾಂಕ್ ಮ್ಯಾನೇಜರ್ ಕಚೇರಿಯಲ್ಲಿ ಕೇಳಿ. ಅವರಿಗೆ ಬಡ್ಡಿ ಮನ್ನಾ ಮಾಡುವ ಅಧಿಕಾರವಿಲ್ಲ. ಆದರೆ ಹಾಳೆ ನೋಡಿ ಯಾವ ಸಾಲ ಮೊದಲು, ಯಾವ ಬ್ಯಾಂಕಿಗೆ ಏನೆಂದು ಬರೆಯಬೇಕು, ಯಾವ ಸರ್ಕಾರಿ ಯೋಜನೆ ನಿಮಗೆ ಹೊಂದುತ್ತದೆ ಎಂದು ಹೇಳಬಲ್ಲರು.

ನೋಟಿಸು ಬಂದಿದ್ದರೆ ನಿಮ್ಮ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಕಚೇರಿ ಹುಡುಕಿ. ತಾಲ್ಲೂಕಿನಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ. ಸಹಾಯವಾಣಿ 15100. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು, ಅಂಗವಿಕಲರು, ಕೈಗಾರಿಕಾ ಕಾರ್ಮಿಕರಿಗೆ ಆದಾಯ ಎಷ್ಟಿದ್ದರೂ ವಕೀಲರ ನೆರವು ಉಚಿತ. ಉಳಿದವರಿಗೆ ಆದಾಯದ ಮಿತಿ ಇದೆ. ‘ಸರ್ಕಾರಿ ವಕೀಲರು ಸರಿಯಾಗಿ ನೋಡಲ್ಲ’ ಎಂಬ ಮಾತು ಕೇಳಿ ಹಿಂದೆ ಸರಿಯಬೇಡಿ. ಸಾಲದ ಪ್ರಕರಣಗಳು ಅವರಿಗೆ ದಿನನಿತ್ಯದ ಕೆಲಸ.

ಸಂಪಾದನೆ ಚೆನ್ನಾಗಿದ್ದು, ಆಸ್ತಿ-ಹೂಡಿಕೆ-ಸಾಲ ಎಲ್ಲ ಗೋಜಲಾಗಿದ್ದರೆ ಷೇರು ಮಾರುಕಟ್ಟೆಯ ನಿಯಂತ್ರಕ ಸೆಬಿಯಲ್ಲಿ ನೋಂದಾಯಿತ ಹೂಡಿಕೆ ಸಲಹೆಗಾರರ ಹತ್ತಿರ ಹೋಗಬಹುದು. ಅವರ ನೋಂದಣಿ ಸಂಖ್ಯೆ ಐಎನ್‌ಎ ಅಕ್ಷರಗಳಿಂದ ಶುರುವಾಗುತ್ತದೆ. ಆ ಸಂಖ್ಯೆಯನ್ನು ಸೆಬಿ ಜಾಲತಾಣದಲ್ಲಿ ನೀವೇ ಹಾಕಿ ಹೆಸರು ತಾಳೆ ನೋಡಿ. ಅವರು ಕಳಿಸಿದ ಸರ್ಟಿಫಿಕೇಟಿನ ಫೋಟೋ ಸಾಲದು. ಇವರು ಶುಲ್ಕ ಪಡೆಯುವುದು ನಿಮ್ಮಿಂದ. ಎಆರ್‌ಎನ್ ಸಂಖ್ಯೆ ಇರುವವರು ಮ್ಯೂಚುವಲ್ ಫಂಡ್ ವಿತರಕರು, ಅವರಿಗೆ ಕಮಿಷನ್ ಫಂಡ್ ಕಂಪನಿಯಿಂದ ಬರುತ್ತದೆ. 36 ಪರ್ಸೆಂಟ್ ಸಾಲ ಬೆನ್ನ ಮೇಲಿರುವಾಗ ಎಸ್‌ಐಪಿ (ತಿಂಗಳು ತಿಂಗಳು ಫಂಡಿಗೆ ಹಣ ಹಾಕುವುದು) ಶುರು ಮಾಡಿಸುವವರ ಸಲಹೆ ನಿಮಗಾಗಿ ಕೊಟ್ಟದ್ದಲ್ಲ.

ಬ್ಯಾಂಕು ಅಥವಾ ಎನ್‌ಬಿಎಫ್‌ಸಿ (ಬ್ಯಾಂಕಲ್ಲದ ಫೈನಾನ್ಸ್ ಕಂಪನಿ) ತಪ್ಪು ಮಾಡಿದ್ದರೆ (ಹೇಳದ ಶುಲ್ಕ, ಕಟ್ಟಿದ ಕಂತು ಜಮಾ ಆಗದಿರುವುದು, ಏಜೆಂಟರ ಕಾಟ) ಮೊದಲು ಅವರಿಗೇ ಲಿಖಿತ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ (ದೂರು ವಿಚಾರಿಸುವ ಅಧಿಕಾರಿ) ಅದರ ಸಿಎಂಎಸ್ ಪೋರ್ಟಲ್ ಮೂಲಕ ದೂರು ಹಾಕಿ. ಶುಲ್ಕವಿಲ್ಲ, ವಕೀಲರೂ ಬೇಡ. 14448ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾಹಿತಿ ಸಿಗುತ್ತದೆ. ಇಲ್ಲಿ ದೂರು ಬಿದ್ದುಹೋಗುವಂತೆ ಮಾಡುವ ಎರಡು ತಪ್ಪು: ಬ್ಯಾಂಕಿಗೆ ಮೊದಲು ದೂರು ಕೊಡದೆ ನೇರ ಹೋಗುವುದು, ಮತ್ತು ‘ನನ್ನ ಬಡ್ಡಿ ಇಳಿಸಿ’ ಎಂದು ಕೇಳುವುದು. ಬಡ್ಡಿ ಇಳಿಸುವುದು ಬ್ಯಾಂಕಿನ ವ್ಯವಹಾರದ ತೀರ್ಮಾನ. ಒಂಬುಡ್ಸ್‌ಮನ್ ನೋಡುವುದು ಸೇವೆಯ ಲೋಪವನ್ನು.

ಹತ್ತಿರ ಸುಳಿಯಲು ಬಿಡಬಾರದವರು

ಸೆಟಲ್‌ಮೆಂಟ್ ಮಾಡಿಸಿಕೊಡುವ ಸಂಸ್ಥೆಗಳಿಗೆಂದು ರಿಸರ್ವ್ ಬ್ಯಾಂಕ್ ಯಾವ ಲೈಸೆನ್ಸನ್ನೂ ಕೊಡುವುದಿಲ್ಲ. ಇವರಲ್ಲಿ ಹಲವರ ದಾರಿ ಒಂದೇ: ‘ಕಂತು ಕಟ್ಟುವುದನ್ನು ನಿಲ್ಲಿಸಿ, ಆ ದುಡ್ಡನ್ನು ತಿಂಗಳು ತಿಂಗಳು ನಮ್ಮ ಖಾತೆಗೆ ಹಾಕಿ, ಬ್ಯಾಂಕಿನ ಫೋನು ಎತ್ತಬೇಡಿ.’ ಆರು ತಿಂಗಳಲ್ಲಿ ಖಾತೆ ಎನ್‌ಪಿಎ ಆಗಿ, ದಂಡ ಬೆಳೆದು, ನೋಟಿಸು ಬರುತ್ತದೆ. ಅಷ್ಟರಲ್ಲಿ ಅವರ ಶುಲ್ಕ ಅವರಿಗೆ ಸಂದಿರುತ್ತದೆ. ಬ್ಯಾಂಕಿನೊಡನೆ ಅವರು ಆಡುವ ಮಾತನ್ನು ನೀವೇ ಒಂದು ಅರ್ಜಿಯಲ್ಲಿ ಆಡಬಹುದು.

‘ಸಾಲ ಮನ್ನಾ ಪ್ರಮಾಣಪತ್ರ’ ಕೊಡುತ್ತೇವೆಂದು ಶುಲ್ಕ ಕೀಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2023ರ ಡಿಸೆಂಬರಿನಲ್ಲಿ ಬಹಿರಂಗವಾಗಿ ಎಚ್ಚರಿಸಿದೆ. ಆ ಕಾಗದಕ್ಕೆ ಯಾವ ಬೆಲೆಯೂ ಇಲ್ಲ. ‘ಸಿಬಿಲ್ ಕ್ಲೀನ್ ಮಾಡಿಸ್ತೀವಿ’ ಎಂಬುದೂ ಅಷ್ಟೇ: ತಪ್ಪು ಮಾಹಿತಿಯನ್ನು ನೀವೇ ಉಚಿತವಾಗಿ ತಿದ್ದಿಸಬಹುದು, ಸರಿಯಾದ ಮಾಹಿತಿಯನ್ನು ಯಾರೂ ಅಳಿಸಲಾರರು. ಸಾಲ ಮಂಜೂರಾಗಿದೆ, ಮೊದಲು ಪ್ರೊಸೆಸಿಂಗ್ ಫೀ ಗೂಗಲ್ ಪೇ ಮಾಡಿ ಎಂದರೆ ಅದು ಮೋಸ. ನಿಜವಾದ ಬ್ಯಾಂಕು ಆ ಶುಲ್ಕವನ್ನು ಯಾರದೋ ಫೋನ್ ನಂಬರಿಗೆ ಕೇಳುವುದಿಲ್ಲ.

ಸಾಲದ ಆಪ್ ಹಿಂದೆ ಯಾವ ಬ್ಯಾಂಕು ಅಥವಾ ಎನ್‌ಬಿಎಫ್‌ಸಿ ಇದೆ ಎಂದು ನೋಡಿ. 2025ರ ಜುಲೈನಿಂದ ರಿಸರ್ವ್ ಬ್ಯಾಂಕಿನ ಜಾಲತಾಣದಲ್ಲಿ ಇಂಥ ಆಪ್‌ಗಳ ಪಟ್ಟಿ ಸಿಗುತ್ತದೆ. ಅದರಲ್ಲಿ ಹೆಸರಿದೆ ಎಂದ ಮಾತ್ರಕ್ಕೆ ರಿಸರ್ವ್ ಬ್ಯಾಂಕ್ ಜಾಮೀನು ನಿಂತಿದೆ ಎಂದಲ್ಲ. ಆಪ್ ಯಾರ ಪರವಾಗಿ ಸಾಲ ಕೊಡುತ್ತಿದೆ ಎಂಬುದು ತಿಳಿಯುತ್ತದೆ, ಅಷ್ಟೇ. ನಿಮ್ಮ ಕಾಂಟ್ಯಾಕ್ಟ್ ಪಟ್ಟಿ, ಗ್ಯಾಲರಿ ಕೇಳುವ ಆಪ್ ನಿಯಮ ಮುರಿಯುತ್ತಿದೆ. ಫೋಟೋ ತಿರುಚಿ ಬೆದರಿಸಿದರೆ ಸ್ಕ್ರೀನ್‌ಶಾಟ್ ತೆಗೆದು ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ; ದುಡ್ಡು ಕೊಟ್ಟರೆ ಬೆದರಿಕೆ ನಿಲ್ಲುವುದಿಲ್ಲ, ಇನ್ನಷ್ಟು ಹೆಚ್ಚಾಗುತ್ತದೆ. ನೋಂದಣಿಯಿಲ್ಲದ ಸಂಸ್ಥೆಗಳ ಬಗ್ಗೆ ರಿಸರ್ವ್ ಬ್ಯಾಂಕಿನ ಸಚೇತ್ ಪೋರ್ಟಲ್‌ನಲ್ಲಿ ದೂರು ಹಾಕಬಹುದು.

ಕಾಟ ಕೊಡುವವರು ಬಂದಾಗ

ಬ್ಯಾಂಕಿನ ವಸೂಲಿ ಏಜೆಂಟರು ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಕರೆ ಮಾಡುವಂತಿಲ್ಲ. ಮೈಕ್ರೋಫೈನಾನ್ಸ್ ಸಾಲಕ್ಕೆ ಈ ಮಿತಿ ಬೆಳಿಗ್ಗೆ 9ರಿಂದ ಸಂಜೆ 6. ಮೈಕ್ರೋಫೈನಾನ್ಸ್ ಸಾಲಕ್ಕೆ ಅಡಮಾನ ಕೇಳುವಂತಿಲ್ಲ. ಎಲ್ಲ ಸಾಲಗಳ ಕಂತೂ ಸೇರಿ ಮನೆಯ ತಿಂಗಳ ಆದಾಯದ ಅರ್ಧ ದಾಟುವಂತೆ ಹೊಸ ಸಾಲ ಕೊಡುವಂತಿಲ್ಲ. ನಿಮ್ಮ ಲೋನ್ ಕಾರ್ಡಿನಲ್ಲೇ ದೂರಿನ ಫೋನ್ ನಂಬರ್ ಅಚ್ಚಾಗಿರಬೇಕು. ಮೊದಲ ಕರೆ ಅಲ್ಲಿಗೆ.

ಮೀಟರ್ ಬಡ್ಡಿಯವರ ಕಥೆ ಬೇರೆ. ಕರ್ನಾಟಕದಲ್ಲಿ ಲೈಸೆನ್ಸ್ ಇರುವ ಲೇವಾದೇವಿದಾರರು ಕೂಡ ಭದ್ರತೆ ಇರುವ ಸಾಲಕ್ಕೆ ವರ್ಷಕ್ಕೆ 14, ಇಲ್ಲದ ಸಾಲಕ್ಕೆ 16 ಪರ್ಸೆಂಟ್ ದಾಟುವಂತಿಲ್ಲ. 2025ರಲ್ಲಿ ರಾಜ್ಯ ಸರ್ಕಾರ ಕಿರುಸಾಲ, ಸಣ್ಣಸಾಲಗಳ ಬಲವಂತದ ವಸೂಲಿ ತಡೆಯಲು ಕಾನೂನು ತಂದಿದೆ. ಬೆದರಿಕೆ, ಹಿಂಬಾಲಿಸುವುದು, ಮನೆಮುಂದೆ ಕೂಗಾಡುವುದು, ವಸ್ತು ಎತ್ತಿಕೊಂಡು ಹೋಗುವುದಕ್ಕೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಪೊಲೀಸರು ದೂರು ನಿರಾಕರಿಸುವಂತಿಲ್ಲ ಎಂದೂ ಅದರಲ್ಲಿದೆ. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತ ಬ್ಯಾಂಕು, ಎನ್‌ಬಿಎಫ್‌ಸಿಗಳಿಗೆ ಈ ಕಾನೂನು ಅನ್ವಯಿಸುವುದಿಲ್ಲ, ಅವರ ಮೇಲಿನ ದೂರು ಒಂಬುಡ್ಸ್‌ಮನ್ ದಾರಿಯಲ್ಲೇ ಹೋಗಬೇಕು. ಜೀವ ಬೆದರಿಕೆ, ಹಲ್ಲೆ ನಡೆದರೆ ಯಾರೇ ಆಗಿರಲಿ 112.

ರಾತ್ರಿ ನಿದ್ದೆ ಬಾರದೆ, ‘ನಾನಿಲ್ಲದಿದ್ದರೆ ಇದೆಲ್ಲ ಮುಗಿಯುತ್ತಿತ್ತು’ ಎಂಬ ಯೋಚನೆ ಒಮ್ಮೆ ಸುಳಿದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲಿ ಮಾತಾಡಬಹುದು. ಸಾಲದ ವಿಷಯವನ್ನೇ ಹೇಳಿ, ಮುಚ್ಚಿಡಬೇಕಿಲ್ಲ. ಲೆಕ್ಕದ ಹಾಳೆ ನಾಳೆಗೂ ಕಾಯುತ್ತದೆ.

ನೋಟಿಸಿನ ಲೆಕ್ಕ ದಿನದಲ್ಲಿ

ಸಾಲ ಕಟ್ಟಲಾಗದ್ದೇ ಜೈಲಿಗೆ ಹೋಗುವ ಅಪರಾಧವಲ್ಲ. ಚೆಕ್ ಬೌನ್ಸ್ ಮಾತ್ರ ಬೇರೆ. ಆಟೋ ಡೆಬಿಟ್ ಬೌನ್ಸಿಗೂ ಅಂಥದೇ ಕಾನೂನಿದೆ. ಚೆಕ್ ನೋಟಿಸು ಕೈಸೇರಿದ ದಿನದಿಂದ 15 ದಿನದೊಳಗೆ ಹಣ ಕೊಟ್ಟರೆ ಕೇಸು ನಿಲ್ಲುವುದಿಲ್ಲ. ಬಿಟ್ಟರೆ ಚೆಕ್‌ಗಳಿಗೆ ಅನ್ವಯಿಸುವ ಕಾಯ್ದೆಯ 138ನೇ ಸೆಕ್ಷನ್ನಿನಡಿ ಕೇಸು. ಮನೆ ಅಡವಿಟ್ಟ ಸಾಲಕ್ಕೆ ಸರ್ಫೇಸಿ (ಅಡವಿಟ್ಟ ಆಸ್ತಿಯನ್ನು ಬ್ಯಾಂಕು ವಶಕ್ಕೆ ಪಡೆಯುವ ಕಾಯ್ದೆ) ನೋಟಿಸು ಬಂದರೆ 60 ದಿನ ಇದೆ. ಆ ಅವಧಿಯಲ್ಲಿ ಲಿಖಿತ ಆಕ್ಷೇಪಣೆ ಕೊಡಿ, ಬ್ಯಾಂಕು 15 ದಿನದಲ್ಲಿ ಉತ್ತರಿಸಬೇಕು. ಸ್ವಾಧೀನಕ್ಕೆ ಇಳಿದರೆ ಸಾಲ ವಸೂಲಿ ನ್ಯಾಯಮಂಡಳಿಗೆ ಹೋಗಲು 45 ದಿನ. ಕೃಷಿ ಭೂಮಿಯನ್ನು ಈ ಕಾಯ್ದೆಯಡಿ ಜಪ್ತಿ ಮಾಡುವಂತಿಲ್ಲ. ನೋಟಿಸಿನ ಲಕೋಟೆಯನ್ನೂ ಎಸೆಯಬೇಡಿ, ಅಂಚೆ ಮುದ್ರೆಯ ದಿನಾಂಕ ಬೇಕಾಗುತ್ತದೆ.

ಲೋಕ ಅದಾಲತ್‌ಗೆ ಕರೆ ಬಂದರೆ ಹೋಗಿ. ಕೋರ್ಟ್ ಶುಲ್ಕವಿಲ್ಲ, ಒಪ್ಪಲೇಬೇಕೆಂದೂ ಇಲ್ಲ. ಆದರೆ ಒಪ್ಪಿ ಸಹಿ ಹಾಕಿದರೆ ಅದು ಕೋರ್ಟಿನ ತೀರ್ಪಿಗೆ (ಡಿಕ್ರಿ) ಸಮ, ಮೇಲ್ಮನವಿ ಇಲ್ಲ. ಸುತ್ತ ಗದ್ದಲವಿರುತ್ತದೆ, ಬೇಗ ಸಹಿ ಹಾಕಿ ಎಂಬ ಒತ್ತಡವಿರುತ್ತದೆ. ಸಂಬಳದಲ್ಲಿ ಖರ್ಚು ಕಳೆದು ಸಾಲಕ್ಕೆ ಉಳಿಯುವ ಮೊತ್ತ ನೋಡಿ, ಅದನ್ನು ಮೀರಿದ ಕಂತಿಗೆ ಒಪ್ಪಬೇಡಿ.

ಸೆಟಲ್‌ಮೆಂಟ್ ಪತ್ರ ಓದುವ ಬಗೆ

ಒಮ್ಮೆಗೇ ತೀರಿಸುವ ಒಟಿಎಸ್‌ಗೆ ಬ್ಯಾಂಕು ಒಪ್ಪಿದರೆ ಪತ್ರ ಕೈಗೆ ಬರುವವರೆಗೆ ದುಡ್ಡು ಕಟ್ಟಬೇಡಿ. ಏಜೆಂಟರ ವಾಟ್ಸಾಪ್ ಮೆಸೇಜು ಪತ್ರವಲ್ಲ. ಪತ್ರದಲ್ಲಿ ಇವಿಷ್ಟು ಇರಬೇಕು: ಬ್ಯಾಂಕಿನ ಲೆಟರ್‌ಹೆಡ್, ಅಧಿಕಾರಿಯ ಹೆಸರು-ಹುದ್ದೆ-ಸಹಿ, ನಿಮ್ಮ ಪೂರ್ತಿ ಲೋನ್ ಖಾತೆ ಸಂಖ್ಯೆ, ಕಟ್ಟಬೇಕಾದ ಮೊತ್ತ ಮತ್ತು ಕೊನೆಯ ದಿನಾಂಕ, ‘ಇದು ಕಟ್ಟಿದ ನಂತರ ಬಾಕಿ ಏನೂ ಇಲ್ಲ’ ಎಂಬ ಸಾಲು, ಹೂಡಿರುವ ಕೇಸು ಹಿಂಪಡೆಯುವ ಮತ್ತು ಚೆಕ್ ಹಿಂದಿರುಗಿಸುವ ಮಾತು. ಕೊನೆಯ ಸಾಲು ಇಲ್ಲದ ಪತ್ರ ಒಪ್ಪಿ, ದುಡ್ಡೂ ಕಟ್ಟಿ, ಆಮೇಲೆ ಚೆಕ್ ಕೇಸಿಗೆ ಅಲೆಯಬೇಕಾಗುತ್ತದೆ. ಹಣವನ್ನು ನಿಮ್ಮ ಲೋನ್ ಖಾತೆಗೇ ಕಟ್ಟಿ, ಏಜೆಂಟರ ಕೈಗಲ್ಲ.

ಕಡಿಮೆಗೆ ತೀರಿಸಿದ ಸಾಲ ರಿಪೋರ್ಟಿನಲ್ಲಿ ‘ಕ್ಲೋಸ್ಡ್’ ಬದಲು ‘ಸೆಟಲ್ಡ್’ ಎಂದು ಬರುತ್ತದೆ, ಮುಂದಿನ ಕೆಲವು ವರ್ಷ ಗೃಹಸಾಲಕ್ಕೆ ಹೋದಾಗ ತೊಡಕಾಗುತ್ತದೆ. ಅವಧಿ ಹಿಗ್ಗಿಸಿ ಪೂರ್ತಿ ಕಟ್ಟುವ ಶಕ್ತಿ ಇದ್ದರೆ ಅದೇ ಮೇಲು. ಶಕ್ತಿಯೇ ಇಲ್ಲದವರು ‘ಸೆಟಲ್ಡ್’ ಪದಕ್ಕೆ ಹೆದರಿ ಮೀಟರ್ ಬಡ್ಡಿ ಸಾಲ ತಂದು ಬ್ಯಾಂಕಿಗೆ ಕಟ್ಟುವುದು ಮಾತ್ರ ದೊಡ್ಡ ತಪ್ಪು.

ಸಾಲ ತೀರಿದ ದಿನವೇ ನೋ ಡ್ಯೂ ಸರ್ಟಿಫಿಕೇಟಿಗೆ ಅರ್ಜಿ ಕೊಡಿ. ಅಡವಿಟ್ಟ ಮನೆ ಪತ್ರಗಳನ್ನು ಬ್ಯಾಂಕು 30 ದಿನದೊಳಗೆ ವಾಪಸು ಕೊಡಬೇಕು. ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು. ಕೈಸಾಲವಾದರೆ ಪ್ರೋನೋಟು, ಖಾಲಿ ಚೆಕ್ಕು ಕೈಗೆ ಪಡೆದು, ಅಲ್ಲೇ ಇಬ್ಬರು ಸಾಕ್ಷಿಗಳ ಎದುರು ‘ಪೂರ್ತಿ ಸಂದಾಯ’ ಎಂದು ದಿನಾಂಕ ಹಾಕಿ ಬರೆಸಿಕೊಳ್ಳಿ. ಎರಡು ತಿಂಗಳು ಬಿಟ್ಟು ಕ್ರೆಡಿಟ್ ರಿಪೋರ್ಟ್ ಇನ್ನೊಮ್ಮೆ ತೆಗೆದು ಆ ಖಾತೆಯ ಮುಂದೆ ಬಾಕಿ ಸೊನ್ನೆ ಎಂದಿದೆಯೇ ನೋಡಿ. ಸೊನ್ನೆ ಇಲ್ಲದಿದ್ದರೆ ನೋ ಡ್ಯೂ ಪ್ರತಿ ಜೋಡಿಸಿ ಅವತ್ತೇ ತಕರಾರು ಹಾಕಿ.